ವಿಹಾರಧಾಮದ ಹೋಟೆಲು: ಜನರ ಉತ್ಸಾಹ ಮತ್ತು ವರ್ತಕರ ಲೆಕ್ಕಾಚಾರ

ಮನರಂಜನಾ ಉದ್ಯಾನವೊಂದರ ಆವರಣದಲ್ಲಿ ಹೊಸ ಹೋಟೆಲು ತಲೆಯೆತ್ತಲಿದೆ ಎಂಬ ಪ್ರಕಟಣೆ ಹೊರಬಿದ್ದ ದಿನವೇ ಅದರ ಕುರಿತು ಎರಡು ಕಡೆ ಮಾತು ಆರಂಭವಾಗುತ್ತದೆ. ಒಂದು ಕಡೆ ಆ ಉದ್ಯಾನವನ್ನು ಮೆಚ್ಚಿ ಮತ್ತೆ ಮತ್ತೆ ಹೋಗಿಬರುವ ಅಭಿಮಾನಿಗಳು; ಇನ್ನೊಂದು ಕಡೆ ಹೋಟೆಲಿಗೆ ಹಾಲು, ತರಕಾರಿ, ಹೂವು, ಹೆಂಚು, ಬಟ್ಟೆ, ಪೀಠೋಪಕರಣ ಇತ್ಯಾದಿಗಳನ್ನು ಮಾರಬಹುದೆಂದು ಯೋಚಿಸುವ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು. ಅಭಿಮಾನಿಗಳ ಸಂಭ್ರಮವನ್ನು ಕಂಡ ವರ್ತಕರು ಅದನ್ನೇ ಬೇಡಿಕೆಯೆಂದು ಭಾವಿಸಿ ಸಾಲ ತೆಗೆಯುವುದು, ಗೋದಾಮು ಹಿಡಿಯುವುದು, ಯಂತ್ರ ತರಿಸುವುದು ನಡೆದೇ ಇದೆ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಇಂತಹ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಭಿಮಾನಿಗೆ ತನ್ನ ಮಾತಿನಿಂದ ನಷ್ಟವೇನೂ ಇಲ್ಲ. ಮನಸ್ಸು ಬದಲಾದರೆ ಅವನು ಹೋಗದೆ ಮನೆಯಲ್ಲಿ ಉಳಿಯುತ್ತಾನೆ. ವರ್ತಕನ ಬಂಡವಾಳ ಮಾತ್ರ ಹಾಗೆ ಹಿಂದಕ್ಕೆ ಬರುವುದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಬೆಂಗಳೂರು ಮತ್ತು ಚೆನ್ನೈ ಎಂಬ ಎರಡು ದೊಡ್ಡ ಮಾರುಕಟ್ಟೆಗಳ ನಡುವೆ ಇವೆ. ಎರಡೂ ನಗರಗಳ ಸುತ್ತ ಇಂತಹ ಯೋಜನೆಗಳು ಬರುತ್ತಿರುವುದರಿಂದ ಅವುಗಳ ಪ್ರಕಟಣೆಯನ್ನೂ ಜನರ ಪ್ರತಿಕ್ರಿಯೆಯನ್ನೂ ಹೇಗೆ ಓದಿಕೊಳ್ಳಬೇಕೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಿಡದಿಯ ನಿದರ್ಶನ

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪದ ನಿದರ್ಶನ ಬಿಡದಿಯ ವಂಡರ್‌ಲಾ. ವಿ-ಗಾರ್ಡ್ ಸಂಸ್ಥೆಯ ಸ್ಥಾಪಕರಾದ ಕೊಚೌಸೆಫ್ ಚಿಟ್ಟಿಲಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಉದ್ಯಾನವನ್ನು ತೆರೆದರು. ಅನಂತರ 2005ರಲ್ಲಿ ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದ ಬಿಡದಿಯ ಬಳಿ 82 ಎಕರೆ ಪ್ರದೇಶದಲ್ಲಿ ವಂಡರ್‌ಲಾ ಆರಂಭವಾಯಿತು. ಉದ್ಯಾನದ ಜೊತೆಗೆ ಹೋಟೆಲನ್ನು ಕಟ್ಟಲಿಲ್ಲ ಎಂಬುದು ಗಮನಿಸಬೇಕಾದ ಅಂಶ. 84 ಕೊಠಡಿಗಳ ವಸತಿಧಾಮ ತೆರೆದದ್ದು 2012ರಲ್ಲಿ, ಅಂದರೆ ಏಳು ವರ್ಷಗಳ ನಂತರ. ಸಂಸ್ಥೆಯು ಸಾರ್ವಜನಿಕರಿಗೆ ಷೇರು ನೀಡಿದ್ದು 2014ರಲ್ಲಿ, ಹೈದರಾಬಾದ್ ಉದ್ಯಾನ ಆರಂಭವಾದದ್ದು 2016ರಲ್ಲಿ, ಭುವನೇಶ್ವರದ್ದು 2024ರಲ್ಲಿ. ಬಿಡದಿಯಲ್ಲಿಯೇ 'ದಿ ಐಲ್ ಬೈ ವಂಡರ್‌ಲಾ' ಎಂಬ ಹೆಸರಿನ, ಮೇಲ್ದರ್ಜೆಯ ಜಲತೀರದ ವಸತಿಯನ್ನು ಪರಿಚಯಿಸಿದ್ದು 2025ರಲ್ಲಿ.

ಈ ಕ್ರಮದಲ್ಲಿ ಒಂದು ವ್ಯವಹಾರ ತತ್ತ್ವ ಅಡಗಿದೆ. ಮೊದಲು ಹಗಲಿನ ಗಿರಾಕಿಗಳು ಎಷ್ಟು ಮಂದಿ, ಯಾವ ಊರಿನವರು, ಯಾವ ತಿಂಗಳಲ್ಲಿ ಬರುವವರು ಎಂಬುದು ಟಿಕೆಟ್ ಲೆಕ್ಕದಿಂದ ತಿಳಿಯಿತು. ಅವರಲ್ಲಿ ರಾತ್ರಿ ಉಳಿಯುವವರು ಎಷ್ಟು ಮಂದಿ ಎಂಬ ಅಂದಾಜಿನ ಮೇಲೆ 84 ಕೊಠಡಿಗಳು ಬಂದವು. ದುಬಾರಿ ಕೊಠಡಿಯ ಪ್ರಯತ್ನ ಉದ್ಯಾನಕ್ಕೆ ಇಪ್ಪತ್ತು ವರ್ಷ ತುಂಬಿದಾಗ ನಡೆಯಿತು.

ಪ್ರತಿಕ್ರಿಯೆಯಲ್ಲಿ ಅಡಗಿರುವ ಮೂರು ಮಾತುಗಳು

ಹೊಸ ಹೋಟೆಲಿನ ಸುದ್ದಿ ಬಂದಾಗ ಅಭಿಮಾನಿಗಳಿಂದ ಸಾಮಾನ್ಯವಾಗಿ ಕೇಳಿಬರುವ ಮಾತುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, 'ಹೋಗಲೇಬೇಕು' ಎಂಬ ಆಸೆ. ಎರಡನೆಯದು, 'ಬಾಡಿಗೆ ಎಷ್ಟು?' ಎಂಬ ಪ್ರಶ್ನೆ. ಮೂರನೆಯದು, 'ಅಲ್ಲಿ ಉಳಿಯಬೇಕಾದ ಅಗತ್ಯವೇನು?' ಎಂಬ ಅನುಮಾನ. ಮೊದಲನೆಯ ಮಾತು ಅತಿ ಗಟ್ಟಿಯಾಗಿ ಕೇಳಿಸುತ್ತದೆ. ಆದರೆ ವರ್ತಕರಿಗೆ ಉಪಯೋಗಕ್ಕೆ ಬರುವುದು ಉಳಿದ ಎರಡು.

ಬಾಡಿಗೆಯ ಪ್ರಶ್ನೆಯನ್ನು ತೆರಿಗೆಯ ದೃಷ್ಟಿಯಿಂದಲೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದಿರುವ ದರಗಳಂತೆ ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಶೇ. 5 ಸರಕು ಮತ್ತು ಸೇವಾ ತೆರಿಗೆ. ಅದಕ್ಕೆ ಮೇಲ್ಪಟ್ಟ ಕೊಠಡಿಗೆ ಶೇ. 18. ಕೊಠಡಿಯ ಬಾಡಿಗೆ 7,400 ರೂ. ಇದ್ದರೆ ಗಿರಾಕಿ 370 ರೂ. ತೆರಿಗೆ ಸೇರಿಸಿ 7,770 ರೂ. ಕೊಡುತ್ತಾನೆ. ಬಾಡಿಗೆ 7,600 ರೂ. ಆದರೆ ತೆರಿಗೆ 1,368 ರೂ., ಒಟ್ಟು 8,968 ರೂ. ಮಾಲೀಕನು ಏರಿಸಿದ್ದು 200 ರೂ.; ಗಿರಾಕಿಯ ಮೇಲೆ ಬಿದ್ದದ್ದು 1,198 ರೂ. ಉದ್ಯಾನದ ಪ್ರವೇಶ ಟಿಕೆಟ್ಟಿನ ಮೇಲಿನ ಶೇ. 18 ತೆರಿಗೆ ಬೇರೆ. ನಾಲ್ವರ ಕುಟುಂಬವೊಂದು ಇವೆಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ನಿರ್ಧರಿಸುತ್ತದೆ.

ಉಳಿಯುವ ಅಗತ್ಯದ ಪ್ರಶ್ನೆಗೆ ಉತ್ತರ ದೂರದಲ್ಲಿದೆ. ಬೆಂಗಳೂರಿನ ಕುಟುಂಬ ಬೆಳಿಗ್ಗೆ ಬಿಡದಿಗೆ ಹೋಗಿ ರಾತ್ರಿ ಮನೆ ಸೇರಬಹುದು. ಶ್ರೀನಿವಾಸಪುರ ಅಥವಾ ಮುಳಬಾಗಿಲಿನ ಕುಟುಂಬಕ್ಕೆ ಅದು ನೂರು ಕಿ.ಮೀ.ಗೂ ಮೀರಿದ, ನಗರದ ವಾಹನ ದಟ್ಟಣೆಯನ್ನು ಎರಡು ಬಾರಿ ದಾಟಬೇಕಾದ ಪ್ರಯಾಣ. ಆದ್ದರಿಂದ ಹೋಟೆಲಿನ ನಿಜವಾದ ಗಿರಾಕಿ ಅತಿ ಹೆಚ್ಚು ಬಾರಿ ಬರುವ ನಗರವಾಸಿ ಅಭಿಮಾನಿಯಲ್ಲ. ವರ್ಷಕ್ಕೊಮ್ಮೆ ದೂರದಿಂದ ಬರುವವನು. ಹೆಚ್ಚು ಮಾತನಾಡುವವರೂ ಹೆಚ್ಚು ತಂಗುವವರೂ ಒಬ್ಬರೇ ಆಗಿರಬೇಕೆಂದಿಲ್ಲ.

ಹೊರದೇಶದ ಎರಡು ಪಾಠಗಳು

ಡಿಸ್ನಿ ಸಂಸ್ಥೆಯಷ್ಟು ಅಭಿಮಾನಿಗಳಿರುವ ಮನರಂಜನಾ ಸಂಸ್ಥೆ ಬೇರೊಂದಿಲ್ಲವೆನ್ನಬಹುದು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ ತೆರೆದಾಗ ಹೋಟೆಲು ಕಟ್ಟಲು ಹಣ ಸಾಲದೆ, ಆ ಕೆಲಸವನ್ನು ಜ್ಯಾಕ್ ರ‍್ಯಾದರ್ ಎಂಬ ಬೇರೊಬ್ಬ ಉದ್ಯಮಿಗೆ ಬಿಡಲಾಯಿತು. ಆ ಹೋಟೆಲು ಡಿಸ್ನಿಯ ಕೈಸೇರಿದ್ದು 1988ರಲ್ಲಿ. ಆದರೆ 1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿ ಯೂರೋ ಡಿಸ್ನಿ ಆರಂಭಿಸುವಾಗ ಸಂಸ್ಥೆಯು ಇದಕ್ಕೆ ತದ್ವಿರುದ್ಧವಾಗಿ ನಡೆಯಿತು. ಮೊದಲ ದಿನವೇ ಸುಮಾರು 5,200 ಕೊಠಡಿಗಳ ಹೋಟೆಲುಗಳು ಸಿದ್ಧವಾಗಿದ್ದವು. ಪ್ಯಾರಿಸ್‌ನಿಂದ ರೈಲಿನಲ್ಲಿ ಬಂದು ಸಂಜೆ ಹಿಂದಿರುಗುವವರು ಅಂದಾಜಿಗಿಂತ ಹೆಚ್ಚಾದರು. ತಂಗಿದವರೂ ಹೆಚ್ಚು ದಿನ ತಂಗಲಿಲ್ಲ. ಮೊದಲ ಚಳಿಗಾಲದಲ್ಲಿಯೇ ಸಾವಿರಕ್ಕೂ ಹೆಚ್ಚು ಕೊಠಡಿಗಳ ಒಂದು ಹೋಟೆಲನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. 1994ರಲ್ಲಿ ಸಾಲದ ಪುನರ್‌ರಚನೆ ನಡೆಯಿತು. ಸರಬರಾಜುದಾರರು ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ, ಉದ್ಘಾಟನೆಗೂ ಮೊದಲೇ ಕೆಲವು ಗುತ್ತಿಗೆದಾರರು ಹೆಚ್ಚುವರಿ ಕೆಲಸದ ಹಣಕ್ಕಾಗಿ ಬಹಿರಂಗವಾಗಿ ತಕರಾರು ಎತ್ತಿದ್ದರು.

ಎರಡನೆಯ ನಿದರ್ಶನ ಇನ್ನೂ ಇತ್ತೀಚಿನದು. 'ಸ್ಟಾರ್ ವಾರ್ಸ್' ಚಲನಚಿತ್ರಗಳ ಲೋಕವನ್ನೇ ಅನುಭವಿಸುವಂತಹ ಹೋಟೆಲೊಂದನ್ನು ಫ್ಲಾರಿಡಾದಲ್ಲಿ ಕಟ್ಟುವುದಾಗಿ ಡಿಸ್ನಿ 2017ರಲ್ಲಿ ಪ್ರಕಟಿಸಿದಾಗ ಅಭಿಮಾನಿಗಳ ಹರ್ಷಕ್ಕೆ ಮಿತಿಯಿರಲಿಲ್ಲ. ನೂರು ಕೊಠಡಿಗಳು, ಎರಡು ರಾತ್ರಿಗಳ ಕಡ್ಡಾಯ ವಾಸ. ದರ ಪ್ರಕಟವಾದಾಗ ಅದು ಇಬ್ಬರಿಗೆ ಸುಮಾರು 4,800 ಡಾಲರ್‌ನಿಂದ ಆರಂಭವಾಗಿತ್ತು; ನಮ್ಮ ಹಣದಲ್ಲಿ ಮೂರೂವರೆ ಲಕ್ಷ ರೂಪಾಯಿಗೂ ಮಿಗಿಲು. ಹರ್ಷ ಆಕ್ಷೇಪವಾಗಿ ಬದಲಾಯಿತು. 2022ರ ಮಾರ್ಚ್ 1ರಂದು ತೆರೆದ ಹೋಟೆಲು 2023ರ ಸೆಪ್ಟೆಂಬರ್ ಕೊನೆಗೆ ಮುಚ್ಚಿತು. ಅಲ್ಲಿ ತಂಗಿದವರಲ್ಲಿ ಬಹಳ ಮಂದಿ ಮೆಚ್ಚಿಕೊಂಡೇ ಹಿಂದಿರುಗಿದ್ದರು. ಆದರೆ ಆ ದರಕ್ಕೆ ತಂಗುವವರ ಸಂಖ್ಯೆ ಸಾಲಲಿಲ್ಲ. ಹಲವು ವರ್ಷಗಳಲ್ಲಿ ಹಂಚಿ ಕಳೆಯಬೇಕಾಗಿದ್ದ ಕಟ್ಟಡದ ವೆಚ್ಚವನ್ನು ಕೆಲವೇ ತಿಂಗಳುಗಳ ಲೆಕ್ಕದಲ್ಲಿ ಸವಕಳಿಯಾಗಿ ತೋರಿಸಬೇಕಾಯಿತು. ಡಿಸ್ನಿಯಂತಹ ಸಂಸ್ಥೆ ಈ ಹೊರೆಯನ್ನು ಹೊರಬಲ್ಲದು. ಅಂತಹ ಹೋಟೆಲನ್ನೇ ನಂಬಿ ಯಂತ್ರ ತರಿಸಿದ ಸಣ್ಣ ಸರಬರಾಜುದಾರನಿಗೆ ಅದು ಸಾಧ್ಯವಲ್ಲ.

ಪ್ರಕಟಣೆಯಿಂದ ಪ್ರಾರಂಭೋತ್ಸವದವರೆಗೆ

ಪ್ರಕಟಣೆಗೂ ಬಾಗಿಲು ತೆರೆಯುವುದಕ್ಕೂ ನಡುವೆ ಎಷ್ಟು ಕಾಲ ಹಿಡಿಯಬಹುದು? ವಂಡರ್‌ಲಾದ ಚೆನ್ನೈ ಯೋಜನೆಯ ಮಾತು ಕಳೆದ ದಶಕದ ಮಧ್ಯಭಾಗದಿಂದಲೇ ಇತ್ತು. ಸರಕು ಮತ್ತು ಸೇವಾ ತೆರಿಗೆಯ ಜೊತೆಗೆ ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆಯೂ ಶೇ. 10ರಷ್ಟು ಇದ್ದುದು ಅದಕ್ಕೆ ದೊಡ್ಡ ಅಡಚಣೆಯಾಯಿತು. ಹತ್ತು ವರ್ಷಗಳ ವಿನಾಯಿತಿ ದೊರೆತ ಮೇಲೆ ಕೆಲಸ ಮುಂದುವರಿದು, 600 ಕೋಟಿ ರೂಪಾಯಿಗೂ ಹೆಚ್ಚಿನ ಬಂಡವಾಳದ ಆ ಉದ್ಯಾನ ತಿರುಪ್ಪೋರೂರಿನ ಬಳಿ ತೆರೆದದ್ದು 2025ರ ಡಿಸೆಂಬರ್‌ನಲ್ಲಿ. ಮೊದಲ ಸುದ್ದಿಯನ್ನು ನಂಬಿ ಶೇ. 10ರ ಚಕ್ರಬಡ್ಡಿಯಲ್ಲಿ ಒಂದು ಲಕ್ಷ ರೂಪಾಯಿ ಸಾಲ ಮಾಡಿದ ವರ್ತಕನೊಬ್ಬನಿದ್ದನೆಂದು ಭಾವಿಸೋಣ. ಹತ್ತು ವರ್ಷ ಕಾಯುವುದರೊಳಗೆ ಆ ಸಾಲ ಸುಮಾರು 2,59,000 ರೂ. ಆಗಿರುತ್ತದೆ.

ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ಕಥೆ ಇನ್ನೊಂದು ಬಗೆಯದು. 2018ರ ನವೆಂಬರ್‌ನಲ್ಲಿ ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನವನ್ನೂ 125 ಅಡಿ ಎತ್ತರದ ಕಾವೇರಿ ಪ್ರತಿಮೆಯನ್ನೂ ನಿರ್ಮಿಸುವ ಯೋಜನೆಯನ್ನು ಅಂದಿನ ರಾಜ್ಯ ಸರ್ಕಾರ ಪ್ರಕಟಿಸಿತು. 2024ರ ಜುಲೈನಲ್ಲಿ ಸಚಿವ ಸಂಪುಟವು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ 2,663 ಕೋಟಿ ರೂಪಾಯಿಗಳ ಉನ್ನತೀಕರಣ ಯೋಜನೆಗೆ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯನ್ನು ಮುಂದಿಟ್ಟು ರೈತ ಸಂಘಟನೆಗಳು 2025ರಲ್ಲಿಯೂ ವಿರೋಧ ವ್ಯಕ್ತಪಡಿಸಿದವು. ಒಂದೇ ಪ್ರಕಟಣೆಗೆ ಪ್ರವಾಸಿಗರು, ರೈತರು, ವ್ಯಾಪಾರಿಗಳು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುವುದು ಸಹಜ. ಭೂಮಿ, ನೀರು, ಪರಿಸರ ಇವುಗಳ ಅನುಮತಿ ದೊರೆಯುವವರೆಗೆ ಯಾವ ಯೋಜನೆಯನ್ನೂ ಖರೀದಿದಾರನೆಂದು ಲೆಕ್ಕಕ್ಕೆ ಹಿಡಿಯಲಾಗದು.

ಅರವತ್ತು ಕೊಠಡಿಗಳ ಲೆಕ್ಕ

ಹೋಟೆಲು ನಿಜವಾಗಿಯೂ ತೆರೆಯಿತೆಂದೇ ಇಟ್ಟುಕೊಳ್ಳೋಣ. ಅದು ಎಷ್ಟು ಕೊಳ್ಳುತ್ತದೆ? ಕೇವಲ ಉದಾಹರಣೆಗಾಗಿ 60 ಕೊಠಡಿಗಳ ಹೋಟೆಲೊಂದನ್ನು ಕಲ್ಪಿಸಿಕೊಳ್ಳಬಹುದು. ವರ್ಷಕ್ಕೆ 60 × 365 = 21,900 ಕೊಠಡಿ-ರಾತ್ರಿಗಳು. ವಾರಾಂತ್ಯ ಮತ್ತು ರಜೆಯ 120 ದಿನಗಳಲ್ಲಿ ಶೇ. 90 ಕೊಠಡಿಗಳು ತುಂಬಿದರೆ 6,480. ಉಳಿದ 245 ದಿನಗಳಲ್ಲಿ ಶೇ. 35 ತುಂಬಿದರೆ 5,145. ಒಟ್ಟು 11,625, ಅಂದರೆ ಶೇ. 53. ಶನಿವಾರ ಹೋದವನಿಗೆ ಹೋಟೆಲು ತುಂಬಿ ತುಳುಕುತ್ತಿರುವಂತೆ ಕಂಡರೂ ಲೆಕ್ಕದ ಪುಸ್ತಕದಲ್ಲಿ ವರ್ಷವೆಲ್ಲ ಅರ್ಧದಷ್ಟು ಕೊಠಡಿಗಳು ಖಾಲಿ. ಬಡ್ಡಿ, ಸಂಬಳ, ಸವಕಳಿ ಮಾತ್ರ ಖಾಲಿ ಕೊಠಡಿಗೂ ಉಂಟು.

ಪ್ರತಿ ಕೊಠಡಿಗೆ ಸರಾಸರಿ ಎರಡೂವರೆ ಮಂದಿ, ಒಬ್ಬರಿಗೆ ದಿನಕ್ಕೆ 100 ಗ್ರಾಂ ಟೊಮೆಟೊ ಎಂದು ಹಿಡಿದರೆ, ತುಂಬಿದ ಶನಿವಾರದಂದು 135 ಮಂದಿಗೆ 13.5 ಕೆ.ಜಿ. ಬೇಕಾಗುತ್ತದೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ 15 ಕೆ.ಜಿ.ಯ ಒಂದೇ ಒಂದು ಪೆಟ್ಟಿಗೆ ಅದಕ್ಕೆ ಸಾಕು. ವರ್ಷಕ್ಕೆ ಒಟ್ಟು 200 ಪೆಟ್ಟಿಗೆಗಳೂ ಆಗುವುದಿಲ್ಲ. ಒಂದು ಎಕರೆಯ ಒಂದು ಬೆಳೆಯೇ ಅದಕ್ಕಿಂತ ಹೆಚ್ಚು ಕೊಡುತ್ತದೆ. ಹೆಸರು ದೊಡ್ಡದಾದರೂ ಹೋಟೆಲು ಸಣ್ಣ ಖರೀದಿದಾರನೇ. ನಿತ್ಯವೂ ಹೆಚ್ಚು ಕೊಳ್ಳುವುದು ಉದ್ಯಾನದೊಳಗಿನ ಉಪಾಹಾರ ಗೃಹಗಳು. ಒಮ್ಮೆ ಮಾತ್ರ ಹೆಚ್ಚು ಕೊಳ್ಳುವುದು ಕಟ್ಟಡದ ಗುತ್ತಿಗೆದಾರ.

ನಾಲ್ಕು ತಾಲ್ಲೂಕುಗಳ ಮಟ್ಟಿಗೆ

ಈ ಅಂಶವನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿ ನೋಡಬಹುದು.

ಮಾಲೂರು ಹೆಂಚು ಮತ್ತು ಇಟ್ಟಿಗೆಗಳಿಗೆ ಹೆಸರಾದ ಊರು. ವಿಹಾರಧಾಮಗಳು ಗ್ರಾಮೀಣ ಸೊಗಸಿಗಾಗಿ ಕೆಂಪು ಹೆಂಚನ್ನು ಬಯಸುವುದುಂಟು. ಆದರೆ 40,000 ಹೆಂಚುಗಳ ಬೇಡಿಕೆ ಬಂದರೂ ಅದು ಬರುವುದು ಒಂದೇ ಬಾರಿ. ಒಂದು ಬಾರಿಯ ಬೇಡಿಕೆಗಾಗಿ ಏಳು ವರ್ಷಗಳ ಸಾಲ ಮಾಡಿ ಹೊಸ ಗೂಡು ಕಟ್ಟುವುದಕ್ಕಿಂತ, ಇರುವ ಗೂಡಿನಲ್ಲಿಯೇ ಹೆಚ್ಚು ಅವಧಿ ಕೆಲಸ ಮಾಡಿಸುವುದು ಅಥವಾ ನೆರೆಯ ಕಾರ್ಖಾನೆಯೊಡನೆ ಹಂಚಿಕೊಳ್ಳುವುದು ಲೇಸು.

ಕೋಲಾರದ ತರಕಾರಿ ವರ್ತಕರಿಗೆ ಇರುವ ಅಪಾಯ ಬೆಲೆಯದು. ಹೋಟೆಲುಗಳು ವರ್ಷವಿಡೀ ಒಂದೇ ದರಕ್ಕೆ ಕರಾರು ಕೇಳುತ್ತವೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಪೆಟ್ಟಿಗೆಯ ಬೆಲೆ 2,000 ರೂ. ದಾಟಿದ್ದನ್ನು ಯಾರೂ ಮರೆತಿಲ್ಲ. ಆ ವರ್ಷ ನಿಶ್ಚಿತ ದರದ ಕರಾರಿಗೆ ಕಟ್ಟುಬಿದ್ದವನು ತನ್ನ ಕೈಯಿಂದಲೇ ಹಣ ತುಂಬಬೇಕಾಗುತ್ತಿತ್ತು. ಮಾರುಕಟ್ಟೆಯ ಆ ವಾರದ ದರದ ಮೇಲೆ ಇಷ್ಟು ಕಮಿಷನ್ ಮತ್ತು ಸಾಗಣೆ ಎಂಬ ಕರಾರು ಇಬ್ಬರಿಗೂ ನ್ಯಾಯವಾದದ್ದು.

ಶ್ರೀನಿವಾಸಪುರದ ಮಾವಿನ ಸುಗ್ಗಿ ಬೇಸಿಗೆಯಲ್ಲಿ ಆರಂಭವಾಗುತ್ತದೆ. ಉದ್ಯಾನಗಳಿಗೆ ಜನ ಹೆಚ್ಚು ಬರುವುದೂ ಏಪ್ರಿಲ್-ಮೇ ತಿಂಗಳ ಶಾಲಾ ರಜೆಯಲ್ಲಿ. ರಜೆ ಮುಗಿದ ಮೇಲೂ ಹಣ್ಣು ಮರದಲ್ಲಿರುತ್ತದೆ. ಆದ್ದರಿಂದ ತಾಜಾ ಹಣ್ಣಿಗಿಂತ ವರ್ಷವಿಡೀ ಬಳಕೆಯಾಗುವ ತಿರುಳು, ಉಪ್ಪಿನಕಾಯಿ ಇವುಗಳನ್ನು ಸಣ್ಣ ಪೊಟ್ಟಣಗಳಲ್ಲಿ ಒದಗಿಸಬಲ್ಲವರಿಗೆ ಹೋಟೆಲು ವ್ಯಾಪಾರ ಹೆಚ್ಚು ಹೊಂದುತ್ತದೆ. ಇದಕ್ಕೆ ಆಹಾರ ಸುರಕ್ಷತಾ ಪರವಾನಗಿ ಅವಶ್ಯ.

ಮುಳಬಾಗಿಲಿನ ವಿಚಾರ ಬೇರೆ. ಅಲ್ಲಿನವರು ಸರಬರಾಜುದಾರರಾಗುವುದಕ್ಕಿಂತ ಸ್ವತಃ ವಸತಿಗೃಹ ಕಟ್ಟುವ ಆಲೋಚನೆ ಮಾಡುವುದು ಹೆಚ್ಚು. ಆಂಜನೇಯ ದೇವಾಲಯ, ಕುರುಡುಮಲೆಯ ಗಣಪತಿ, ಆವನಿ, ತಿರುಪತಿಯ ದಾರಿ, ಹೆಸರಾಂತ ಮುಳಬಾಗಿಲು ದೋಸೆ ಇವೆಲ್ಲ ಜನರನ್ನು ನಿಲ್ಲಿಸುತ್ತವೆ. ಆದರೆ ದೋಸೆಗಾಗಿ ಅರ್ಧ ಗಂಟೆ ನಿಂತವನು ರಾತ್ರಿ ಉಳಿಯುವನೆಂದು ಹೇಳಲಾಗದು. ಹೊಸಕೋಟೆಯಿಂದ ಮಾಲೂರು ಮಾರ್ಗವಾಗಿ ಬೇತಮಂಗಲದವರೆಗಿನ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 2024ರ ಡಿಸೆಂಬರ್‌ನಿಂದ ವಾಹನಗಳು ಓಡುತ್ತಿವೆ. ಅದರಲ್ಲಿ ಹೋಗುವ ವಾಹನ ಮುಳಬಾಗಿಲು ಪೇಟೆಯನ್ನು ಮುಟ್ಟುವುದಿಲ್ಲ. ಇದಕ್ಕೆ ಬದಲಾಗಿ ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳ ಕೆಲಸಕ್ಕೆ ಬರುವವರು ಸೋಮವಾರದಿಂದ ಶುಕ್ರವಾರದವರೆಗೆ ತಂಗುತ್ತಾರೆ. ವಿಹಾರಧಾಮಗಳಲ್ಲಿ ಕೊಠಡಿಗಳು ಖಾಲಿ ಬೀಳುವುದು ಇದೇ ದಿನಗಳಲ್ಲಿ ಎಂಬುದು ಗಮನಾರ್ಹ.

ಬಾಕಿ ವಸೂಲಿ ಮತ್ತು ತೆರಿಗೆ

ತಿಂಗಳಿಗೆ ಎರಡು ಲಕ್ಷ ರೂ. ಸರಕು ಕೊಟ್ಟು ಹಣ 90 ದಿನಗಳ ನಂತರ ಬಂದರೆ ಸದಾಕಾಲ ಆರು ಲಕ್ಷ ರೂ. ಹೊರಗಿರುತ್ತದೆ. ಶೇ. 12ರ ಬಡ್ಡಿಯಲ್ಲಿ ಅದು ವರ್ಷಕ್ಕೆ 72,000 ರೂ.; 24 ಲಕ್ಷ ರೂ. ವಹಿವಾಟಿನ ಶೇ. 3. ಎಷ್ಟೋ ಸರಕುಗಳಲ್ಲಿ ನಿವ್ವಳ ಲಾಭವೇ ಅಷ್ಟಿರುತ್ತದೆ. 45 ದಿನಗಳಲ್ಲಿ ಹಣ ಬಂದರೆ ಈ ಹೊರೆ ಅರ್ಧಕ್ಕೆ ಇಳಿಯುತ್ತದೆ.

ಈ ವಿಷಯದಲ್ಲಿ ಕಾನೂನಿನ ಆಸರೆ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲವಾದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಮಾಸಿಕ ಚಕ್ರಬಡ್ಡಿ. 2023-24ನೆಯ ಹಣಕಾಸು ವರ್ಷದಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಮೂಲಕ ಇನ್ನೊಂದು ಬಿಗಿ ಬಂದಿತು: ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರೀದಿದಾರನು ವೆಚ್ಚವೆಂದು ಕಳೆಯಬಹುದು. ಹೊಸ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಈ ರಕ್ಷಣೆ ತಯಾರಕರಿಗೂ ಸೇವೆ ಒದಗಿಸುವವರಿಗೂ ಉಂಟು. ಕೊಂಡು ಮಾರುವ ವರ್ತಕರಿಗೆ ಉದ್ಯಮ್ ನೋಂದಣಿ ದೊರೆತರೂ ಅದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಮಾಲೂರಿನ ಹೆಂಚು ತಯಾರಕನು ಈ ಬಡ್ಡಿಯನ್ನು ಕೇಳಬಹುದು. ಕೋಲಾರದ ತರಕಾರಿ ವರ್ತಕನು ತನ್ನ ಕರಾರನ್ನೇ ಭದ್ರಪಡಿಸಿಕೊಳ್ಳಬೇಕು. ತಯಾರಕರು ಸಹ ಸರಕು ಕಳುಹಿಸುವುದಕ್ಕೆ ಮೊದಲೇ ನೋಂದಣಿ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಸುರಕ್ಷಿತ.

ಕೊಠಡಿ ತೆರಿಗೆಯ ಬದಲಾವಣೆಯೂ ಸರಬರಾಜುದಾರರನ್ನು ಮುಟ್ಟುತ್ತದೆ. ಶೇ. 5ರ ಕೊಠಡಿಗಳಿಗೆ ಸಂಬಂಧಿಸಿದ ಖರೀದಿಯ ಮೇಲೆ ಹೋಟೆಲಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಹೀಗಾಗಿ ಸರಬರಾಜುದಾರನು ಹಾಕುವ ತೆರಿಗೆ ಹೋಟೆಲಿಗೆ ಪೂರ್ಣ ವೆಚ್ಚ. ಅಂತಹ ಹೋಟೆಲು ತೆರಿಗೆ ಸೇರಿದ ಒಟ್ಟು ಬೆಲೆಯನ್ನು ನೋಡುತ್ತದೆ, ಕಾಂಪೊಸಿಷನ್ ಪದ್ಧತಿಯ ಸಣ್ಣ ವ್ಯಾಪಾರಿಗೂ ಅಲ್ಲಿ ಅವಕಾಶವುಂಟು. ಶೇ. 18ರ ಹೋಟೆಲು ಜಮೆ ಪಡೆಯುವುದರಿಂದ ತೆರಿಗೆ ಬಿಲ್ಲನ್ನೇ ಕೇಳುತ್ತದೆ. ದರಪಟ್ಟಿ ಕಳುಹಿಸುವ ಮುನ್ನ ಹೋಟೆಲು ಯಾವ ವರ್ಗದ್ದೆಂದು ವಿಚಾರಿಸುವುದು ಒಳ್ಳೆಯದು.

ಒಟ್ಟಿನಲ್ಲಿ, ಹೊಸ ವಿಹಾರಧಾಮದ ಪ್ರಕಟಣೆ ಬಂದಾಗ ವರ್ತಕ ಬಾಂಧವರು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಭೂಮಿ ಮತ್ತು ಅನುಮತಿಗಳು ದೊರೆತಿವೆಯೇ? ಉದ್ಯಾನ ಈಗಾಗಲೇ ನಡೆಯುತ್ತಿದೆಯೇ, ಅಥವಾ ಹೋಟೆಲಿನ ಜೊತೆಯಲ್ಲಿಯೇ ಬರಬೇಕೇ? ಬಾಡಿಗೆ ಪ್ರಕಟವಾದ ಮೇಲೆ ಜನರ ಮಾತು ಬದಲಾಯಿತೇ? ಬೇಡಿಕೆ ಒಂದು ಬಾರಿಯದೇ, ನಿತ್ಯದ್ದೇ? ಹಣ ಎಷ್ಟು ದಿನಗಳಲ್ಲಿ ಬರುತ್ತದೆ? ಇವುಗಳಿಗೆ ಬರವಣಿಗೆಯಲ್ಲಿ ಉತ್ತರ ದೊರೆಯುವವರೆಗೆ ಇರುವ ಬಂಡವಾಳದಲ್ಲಿಯೇ ಸ್ವಲ್ಪ ಸ್ವಲ್ಪವಾಗಿ ಸರಬರಾಜು ಮಾಡಿ ನೋಡುವುದು ಉತ್ತಮ. ಬಿಡದಿಯಲ್ಲಿ ಉದ್ಯಾನದ ಮಾಲೀಕರೇ ಹೋಟೆಲು ಕಟ್ಟಲು ಏಳು ವರ್ಷ ಕಾದಿದ್ದಾರೆ. ಸರಬರಾಜುದಾರರು ಮೊದಲ ಖರೀದಿ ಆದೇಶ ಕೈಸೇರುವವರೆಗಾದರೂ ಕಾಯುವುದರಲ್ಲಿ ನಷ್ಟವಿಲ್ಲ.